ಮೂವತ್ತೆಂಟನೆಯ ಫೈಲು

ಮೂವತ್ತೆಂಟನೆಯ ಫೈಲು ಮೂವತ್ತಾರನೆಯ ಸೆಕೆಂಡಿಗೆ ನಿಂತುಹೋಯಿತು. ನಿನ್ನೆಯೂ ಅಲ್ಲೇ ನಿಂತಿತ್ತು, ಹೋದ ವಾರವೂ ಅಲ್ಲೇ. ದತ್ತಾತ್ರೇಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡೂ ಕಣ್ಣುಗಳನ್ನು ಅಂಗೈಯಿಂದ ಒತ್ತಿಕೊಂಡು, "ಇಲ್ಲ ಕಿರಣ್. ಅಲ್ಲೇ ನಿಲ್ತಿದೆ," ಎಂದರು.

ಎದುರಿಗೆ ಕೂತಿದ್ದ ಕಿರಣ್ "ಸರಿ ಸರ್" ಎಂದ. ಈ ಇಪ್ಪತ್ತೆರಡು ದಿನಗಳಲ್ಲಿ ಆ ಎರಡು ಮಾತು ಬಿಟ್ಟು ಮೂರನೆಯದನ್ನು ಅವನು ಆಡಿದ್ದೇ ಅಪರೂಪ. ಎದ್ದು ಎ.ಸಿ. ಹಾಕಿದ. ಧ್ವನಿ ಪರೀಕ್ಷೆಯ ಕೋಣೆಯಲ್ಲಿ ಕೇಳುವಾಗ ಎ.ಸಿ. ಓಡುವಂತಿಲ್ಲ, ಅದರ ಗುಂಯ್ ಎನ್ನುವ ಸದ್ದು ಅಡ್ಡ ಬರುತ್ತದೆ. ಗೋಡೆಗೆಲ್ಲ ಸ್ಪಂಜು ಹೊಡೆದ, ಕಿಟಕಿಯಿಲ್ಲದ ಗೂಡು ಅದು. ಹೊರಗೆ ದೆಹಲಿಯಾಚೆಯ ಮಾನೇಸರ್‌ನಲ್ಲಿ ಮೇ ತಿಂಗಳ ಬಿಸಿಗಾಳಿ. ಒಂದು ಗಂಟೆ ಕೇಳುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತಿತ್ತು.

ಕೆಲಸವೇನೋ ಹೇಳಿದರೆ ನಗು ಬರುವಂಥದ್ದು. ಕಾರಿನೊಳಗೆ ಕೂರಿಸುವ ಡಿಸ್ಕ್ ಪ್ಲೇಯರನ್ನು ಇವರ ಕಂಪನಿ ತಯಾರಿಸುತ್ತಿತ್ತು. ಇಷ್ಟು ದಿನ ಅದು ಅಂಗಡಿಯಲ್ಲಿ ಸಿಗುವ ಹಾಡಿನ ಡಿಸ್ಕನ್ನು ಮಾತ್ರ ನುಡಿಸುತ್ತಿತ್ತು. ಈಗ ಎಲ್ಲರ ಮನೆಯಲ್ಲೂ ಕಂಪ್ಯೂಟರು, ಎಲ್ಲರ ಕೈಯಲ್ಲೂ ಎಂಪಿತ್ರೀ. ಒಂದು ಡಿಸ್ಕಿಗೆ ನೂರೈವತ್ತು ಹಾಡು ತುಂಬಿಕೊಂಡು ಬಂದು ಕಾರಿಗೆ ಹಾಕುತ್ತಾರೆ. ಆ ಫೈಲುಗಳನ್ನೆಲ್ಲ ಪ್ಲೇಯರು ಸರಿಯಾಗಿ ನುಡಿಸುತ್ತದೆಯೇ ಎಂದು ನೋಡಬೇಕು. ಅದಕ್ಕೆಂದು ಕಾರ್ ಕಂಪನಿಯವರು ಜಪಾನಿನಿಂದ ಒಂದು ಪರೀಕ್ಷೆಯ ಡಿಸ್ಕು ತರಿಸಿಕೊಟ್ಟಿದ್ದರು. ಅದರಲ್ಲಿ ನೂರಹನ್ನೆರಡು ಫೈಲುಗಳು. ಉದ್ದದವು, ಗಿಡ್ಡದವು, ಒತ್ತಿ ಹಿಂಡಿ ಸಣ್ಣದು ಮಾಡಿದವು, ಫೋಲ್ಡರಿನೊಳಗೊಂದು ಫೋಲ್ಡರಿನೊಳಗೆ ಅಡಗಿಸಿಟ್ಟವು. ಪ್ರತಿಯೊಂದಕ್ಕೂ ಹಾಳೆಯಲ್ಲಿ ನಾಲ್ಕು ಅಂಕಣ: ಓದಿತೇ, ಹೆಸರು ತೋರಿಸಿತೇ, ಪೂರ್ತಿ ನುಡಿಯಿತೇ, ಶಬ್ದ ಶುದ್ಧವಾಗಿದೆಯೇ. ಮೊದಲ ಮೂರನ್ನು ಯಾರು ಬೇಕಾದರೂ ತುಂಬಬಹುದಿತ್ತು. ನಾಲ್ಕನೆಯದಕ್ಕೆ ದತ್ತಾತ್ರೇಯರೇ ಆಗಬೇಕು.

ಮೂವತ್ತೆಂಟನೆಯದು ಹಾಡಲ್ಲ. ಕೆಳಗಿನಿಂದ ಗೊಗ್ಗರು ದನಿಯಲ್ಲಿ ಶುರುವಾಗಿ, ಅರುವತ್ತು ಸೆಕೆಂಡುಗಳ ಕಾಲ ಒಂದೇ ಸಮನೆ ಮೇಲಕ್ಕೆ ಏರುತ್ತ ಹೋಗುವ ಒಂದು ಶಬ್ದ. ಸಿಳ್ಳೆಯಷ್ಟು ತೆಳ್ಳಗಾಗಿ, ಅದಕ್ಕಿಂತಲೂ ತೆಳ್ಳಗಾಗಿ, ಕೊನೆಯವರೆಗೂ ಕೇಳಿಸಬೇಕು. ಇವರ ಪ್ಲೇಯರಿನಲ್ಲಿ ಅದು ಮೂವತ್ತಾರಕ್ಕೆ ಸತ್ತುಹೋಗುತ್ತಿತ್ತು. ಪ್ಲೇಯರಿನ ಮುಖದ ಮೇಲೆ ಸೆಕೆಂಡು ಮಾತ್ರ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಒಳಗಿನ ಸಾಫ್ಟ್‌ವೇರ್ ಬರೆದವನು ಕಿರಣ್, ಆದ್ದರಿಂದ ತಪ್ಪು ಹುಡುಕಬೇಕಾದವನೂ ಅವನೇ. ಅವನು ಒಂದು ಬದಲಾವಣೆ ಮಾಡಿದರೆ ಪರೀಕ್ಷೆ ಮತ್ತೆ ಒಂದನೆಯ ಫೈಲಿನಿಂದ ಶುರುವಾಗಬೇಕು, ಅದು ನಿಯಮ. ಹಾಗೆ ಒಂದರಿಂದ ಮೂವತ್ತೇಳರವರೆಗೆ ದತ್ತಾತ್ರೇಯರು ಒಂಬತ್ತು ಸಲ ಕೇಳಿದ್ದರು. ಒಂಬತ್ತು ಸಲವೂ ಮೂವತ್ತೆಂಟಕ್ಕೆ ಬಂದು ಕಾಲು ಮುರಿದುಕೊಂಡು ಕೂತಿದ್ದರು. ಮನೆಯಲ್ಲಿ ರೇಡಿಯೋ ಹಾಕಿದರೆ ಎದ್ದು ಬೇರೆ ಕೋಣೆಗೆ ಹೋಗುವಷ್ಟು ಅವರಿಗೆ ಸಂಗೀತವೆಂದರೆ ಸಾಕುಸಾಕಾಗಿತ್ತು.

ಹಾಗೆಂದು ಅಲ್ಲಿ ಮೀಟರು ಇರಲಿಲ್ಲವೆಂದಲ್ಲ. ಲಕ್ಷಾಂತರ ಬೆಲೆಯ ಮೀಟರು ಇತ್ತು. ಮೂವತ್ತಾರನೆಯ ಸೆಕೆಂಡಿನ ನಂತರವೂ ಶಬ್ದ ಬರುತ್ತಿದೆ ಎಂದು ಅದು ಗೆರೆ ಎಳೆದು ತೋರಿಸಿತ್ತು ಕೂಡ. ಆದರೆ ಆ ಕಂಪನಿಯಲ್ಲಿ ಮೀಟರಿಗೂ ದತ್ತಾತ್ರೇಯರಿಗೂ ಜಗಳ ಬಂದರೆ ಸೋಲಬೇಕಾದ್ದು ಮೀಟರು. ಅದರ ಹಿಂದೆ ಒಂದು ಕತೆಯಿದೆ. ಹನ್ನೊಂದು ವರ್ಷದ ಹಿಂದೆ, ಇವರೆಲ್ಲ ದೆಹಲಿಯ ಓಖ್ಲಾದ ಹಳೆಯ ಟೇಪ್‌ರೆಕಾರ್ಡರ್ ಕಾರ್ಖಾನೆಯಲ್ಲಿದ್ದಾಗ, ಮೀಟರು ಸರಿಯೆಂದ ಮಾಲಿನ ಮುಂದೆ ದತ್ತಾತ್ರೇಯರು ಕಿವಿಯಿಟ್ಟು ಕೂತು, "ಇದರಲ್ಲಿ ಕರ್ಕಶ ಇದೆ, ಕಳಿಸಬೇಡಿ" ಎಂದು ಹಟ ಹಿಡಿದಿದ್ದರು. ಎರಡು ದಿನ ಬೈಸಿಕೊಂಡಿದ್ದರು. ಮೂರನೆಯ ದಿನ ನೋಡಿದರೆ ಮೀಟರಿನ ತಂತಿಯೇ ಕೆಟ್ಟಿತ್ತು, ಕರ್ಕಶ ನಿಜವಾಗಿಯೂ ಇತ್ತು. ಅಂದಿನಿಂದ ಅವರು 'ಕಾನ್‌ವಾಲೇ ದತ್ತಾ ಜೀ', ಎಂದರೆ ಕಿವಿಯುಳ್ಳ ದತ್ತಾ ಜೀ. ಆ ಕಾರ್ಖಾನೆ ಮುಚ್ಚಿತು, ಟೇಪು ಹೋಯಿತು, ಹೆಸರು ಮಾತ್ರ ಅವರ ಜೊತೆಗೆ ಮಾನೇಸರ್‌ಗೆ ಬಂತು. ಐವತ್ತೆರಡನೆಯ ವಯಸ್ಸಿನಲ್ಲಿ, ಡಿಗ್ರಿಯೂ ಇಲ್ಲದ ಅವರನ್ನು ಪ್ರತಿ ಜೂನ್ ತಿಂಗಳಿಗೆ ಹೊಸ ಕಾಂಟ್ರಾಕ್ಟಿನ ಕಾಗದ ಕೊಟ್ಟು ಇರಿಸಿಕೊಂಡದ್ದು ಆ ಹೆಸರೇ.

ಹಾಗಾಗಿ ಮೀಟರಿನ ಗೆರೆ ತೋರಿಸಿದಾಗ ಮ್ಯಾನೇಜರ್ ಚಂದ್ರಮೋಹನ್ ಅದನ್ನು ಸರಿಯಾಗಿ ನೋಡಲೂ ಇಲ್ಲ. ಮೇರಠ್ ಕಡೆಯ ಮನುಷ್ಯ, ದತ್ತಾತ್ರೇಯರಿಗಿಂತ ನಾಲ್ಕು ವರ್ಷ ದೊಡ್ಡವರು. ತಾವೇ ಬಂದು ಕೋಣೆಯಲ್ಲಿ ಕೂತು, ಕಣ್ಣು ಮುಚ್ಚಿ ಕೇಳಿ, "ಹೌದು, ಬಂದ್ ಆಯಿತು. ದತ್ತಾ ಜೀ ಹೇಳಿದ ಮೇಲೆ ಮುಗೀತು," ಎಂದು ಹಿಂದಿಯಲ್ಲಿ ತೀರ್ಪು ಕೊಟ್ಟು ಹೋಗಿದ್ದರು. ದತ್ತಾತ್ರೇಯರು ಅಂದೇ ಕಿರಣನನ್ನೂ ಕೂರಿಸಿಕೊಂಡು ಕೇಳಿಸಿದ್ದರು. "ನಿಂತಿತಲ್ವಾ?" ಎಂದಿದ್ದರು. ಕಿರಣ್ ಒಂದು ಕ್ಷಣ ಅವರ ಮುಖ ನೋಡಿ "ಹೌದು ಸರ್" ಎಂದಿದ್ದ.

ಅವನು ಅರಸೀಕೆರೆಯ ಹುಡುಗ. ಕೆಲಸ ಹುಡುಕಿಕೊಂಡು ದೆಹಲಿಗೆ ಬಂದಾಗ, ಕನ್ನಡ ಮಾತನಾಡುವವನು ಎಂಬ ಒಂದೇ ಕಾರಣಕ್ಕೆ ದತ್ತಾತ್ರೇಯರು ತಮ್ಮ ದ್ವಾರಕಾದ ಮನೆಯಲ್ಲಿ ಹದಿನೈದು ದಿನ ಇಟ್ಟುಕೊಂಡು, ಚಂದ್ರಮೋಹನ್ ಹತ್ತಿರ ಮಾತಾಡಿ ಈ ಕೆಲಸ ಕೊಡಿಸಿದ್ದರು. ಅವನ ಹೆಂಡತಿ ಧಾರಿಣಿ ಈಗ ಹೆರಿಗೆಗೆ ತವರಿಗೆ ಹೋಗಿದ್ದಳು. ಜೂನ್ ಮೊದಲ ವಾರ ಎಂದು ಡಾಕ್ಟರು ಹೇಳಿದ್ದರು. ಕಿರಣನಿಗೆ ಮೇ ಇಪ್ಪತ್ತರಿಂದ ರಜೆ ಮಂಜೂರಾಗಿತ್ತು. ಮೂವತ್ತೆಂಟನೆಯ ಫೈಲು ಅದನ್ನು ನುಂಗಿತು. ತಪ್ಪು ಸಿಗುವವರೆಗೆ ಯಾರೂ ಅಲ್ಲಾಡುವಂತಿಲ್ಲ ಎಂದು ಚಂದ್ರಮೋಹನ್ ಹೇಳಿಬಿಟ್ಟಿದ್ದರು.

ಆ ಶನಿವಾರ ಮಧ್ಯಾಹ್ನ, ಒಂಬತ್ತನೆಯ ಪರೀಕ್ಷೆಯೂ ಕೆಟ್ಟ ಮೇಲೆ, ಕಿರಣನ ಮೊಬೈಲಿಗೆ ಅರಸೀಕೆರೆಯಿಂದ ಫೋನ್ ಬಂತು. ಹತ್ತು ದಿನ ಮೊದಲೇ ಹೆರಿಗೆಯಾಗಿತ್ತು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಕಿರಣ್ ಕಾರಿಡಾರಿನಲ್ಲಿ ನಿಂತು ಮಾತಾಡಿ, ಮುಖ ತೊಳೆದುಕೊಂಡು, ಗೇಟಿನ ಎದುರಿನ ಅಂಗಡಿಯಿಂದ ಅರ್ಧ ಕಿಲೋ ಮಿಲ್ಕ್ ಕೇಕ್ ತಂದು ಎಲ್ಲರಿಗೂ ಹಂಚಿದ. ಚಂದ್ರಮೋಹನ್ ಅವನ ಬೆನ್ನು ತಟ್ಟಿ, "ಮುಬಾರಕ್ ಹೋ! ಆ ಫೈಲೊಂದು ಮುಗಿಸಿಬಿಡು, ಆಮೇಲೆ ಹಾರಿಕೊಂಡು ಹೋಗು," ಎಂದರು.

ದತ್ತಾತ್ರೇಯರು ಮಿಲ್ಕ್ ಕೇಕನ್ನು ತಿನ್ನದೆ ಮೇಜಿನ ಮೇಲಿಟ್ಟರು. "ನೀನು ಹೋಗಿಬರೋ ಹಾಗಿದ್ರೆ ನಾನು ಮಾತಾಡ್ತೀನಿ ಕಣೋ," ಎಂದರು. ಕಿರಣ್, "ಬೇಡ ಸರ್, ಪರವಾಗಿಲ್ಲ," ಎಂದ. ಅಷ್ಟು ಹೇಳಿ ಅವರನ್ನು ನೋಡುತ್ತಲೇ ನಿಂತ.

ಕಂಪನಿಯ ಬಸ್ಸಿನಲ್ಲಿ ದ್ವಾರಕಾಕ್ಕೆ ಬರುವ ದಾರಿಯುದ್ದಕ್ಕೂ ದತ್ತಾತ್ರೇಯರು ಆ ಹುಡುಗನ ಮುಖವನ್ನೇ ನೆನೆಯುತ್ತಿದ್ದರು. ಬೇರೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿಯೂ ಅವರಲ್ಲಿ ಉಳಿದಿರಲಿಲ್ಲ. ಬರುವಾಗ ಡಿಸ್ಕಿನದೊಂದು ನಕಲು ಮಾಡಿ ಚೀಲದಲ್ಲಿ ಹಾಕಿಕೊಂಡಿದ್ದರು. ಮನೆಯಲ್ಲಿರುವ ಡಿವಿಡಿ ಪ್ಲೇಯರಿನಲ್ಲಿ ಆ ಫೈಲು ಪೂರ್ತಿ ನುಡಿದರೆ ಎರಡಕ್ಕೂ ಏನು ವ್ಯತ್ಯಾಸ ಎಂದು ಕಿರಣನಿಗೆ ಒಂದು ಸುಳಿವಾದರೂ ಸಿಕ್ಕೀತು ಎಂಬುದು ಅವರ ಆಸೆ.

ಭಾನುವಾರ ಬೆಳಿಗ್ಗೆ ಹೆಂಡತಿ ಜಲಜಾ ಅಡುಗೆಮನೆಯಲ್ಲಿದ್ದರು. ಹದಿಮೂರು ವರ್ಷದ ಮಗಳು ಹಂಸಿನಿ ಟ್ಯೂಷನ್ನಿಗೆ ಹೋಗಿದ್ದಳು. ದತ್ತಾತ್ರೇಯರು ಫ್ಯಾನು ಆರಿಸಿ, ಕೂಲರ್ ಆರಿಸಿ, ಟೀವಿಯ ಮುಂದೆ ಮಣೆ ಹಾಕಿಕೊಂಡು ಕೂತು ಮೂವತ್ತೆಂಟನೆಯ ಫೈಲು ಹಾಕಿದರು. ಶಬ್ದ ಏರಿತು, ತೆಳುವಾಯಿತು, ಮೂವತ್ತಾರಕ್ಕೆ ನಿಂತಿತು. ಅವರು ನೆಟ್ಟಗೆ ಕೂತರು. ಇನ್ನೊಮ್ಮೆ ಹಾಕಿದರು. ಮತ್ತೆ ಅಲ್ಲೇ. ಮಗಳ ಕಂಪ್ಯೂಟರಿಗೆ ಹಾಕಿ, ಎರಡು ಸಣ್ಣ ಸ್ಪೀಕರುಗಳ ಮುಂದೆ ತಲೆಯಿಟ್ಟು ಕೇಳಿದರು. ಅಲ್ಲೂ ಮೂವತ್ತಾರು.

ಅವರಿಗೆ ಆದ ಸಂತೋಷ ಹೇಳತೀರದು. ಮೂರು ಪ್ಲೇಯರುಗಳಲ್ಲೂ ಒಂದೇ ಜಾಗದಲ್ಲಿ ನಿಂತರೆ ಪ್ಲೇಯರಿನದೇನು ತಪ್ಪು? ಡಿಸ್ಕೇ ಕೆಟ್ಟಿದೆ! ಜಪಾನಿನವರು ಕೊಟ್ಟದ್ದು ಎಂದು ಯಾರೂ ಅದನ್ನು ಅನುಮಾನಿಸಿರಲಿಲ್ಲ, ಅಷ್ಟೆ. ಹಾಗಾದರೆ ಮೀಟರು ಕೊನೆಯವರೆಗೂ ಗೆರೆ ಎಳೆದದ್ದು ಹೇಗೆ ಎಂಬ ಪ್ರಶ್ನೆಯನ್ನು ಅವರು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ದಣಿದವನಿಗೆ ಬಾಗಿಲು ಕಂಡರೆ ಸಾಕು, ಅದು ಎಲ್ಲಿಗೆ ತೆರೆಯುತ್ತದೆ ಎಂದು ನೋಡುವ ತಾಳ್ಮೆ ಇರುವುದಿಲ್ಲ. ಆ ಕ್ಷಣವೇ ಕಿರಣನಿಗೆ ಫೋನ್ ಮಾಡಿ, "ನಿನ್ನ ಪ್ಲೇಯರು ಸರಿ ಇದೆ ಕಣಯ್ಯಾ! ಡಿಸ್ಕ್ ಕೆಟ್ಟಿದೆ. ನಾಳೆ ಬೆಳಿಗ್ಗೆ ಹೋದ ತಕ್ಷಣ ಚಂದ್ರಮೋಹನ್‌ಗೆ ಹೇಳಿಬಿಡು. ಬ್ಯಾಗು ಕಟ್ಕೋ," ಎಂದರು. ಆ ಕಡೆಯಿಂದ "ಸರಿ ಸರ್," ಎಂದು ಕೇಳಿಸಿತು.

ಖುಷಿಗೆ ಡಿಸ್ಕನ್ನು ಮತ್ತೆ ಟೀವಿಯ ಪ್ಲೇಯರಿಗೆ ಹಾಕಿದರು, ಈ ಸಲ ವಾಲ್ಯೂಮು ಜೋರು ಮಾಡಿ. ಮೂವತ್ತಾರಾಯಿತು. ನಲವತ್ತಾಯಿತು. ಮನೆಯಲ್ಲಿ ನಿಶ್ಶಬ್ದ. ದತ್ತಾತ್ರೇಯರು ಸೋಫಾಕ್ಕೆ ಒರಗಿಕೊಂಡು ಕಾಲು ಚಾಚಿದರು. ಆಗ ಬಾಗಿಲು ತೆರೆದುಕೊಂಡು ಒಳಗೆ ಬಂದ ಹಂಸಿನಿ ಚಪ್ಪಲಿಯನ್ನೂ ಬಿಡದೆ, ಪುಸ್ತಕಗಳನ್ನು ನೆಲಕ್ಕೆ ಹಾಕಿ ಎರಡೂ ಕಿವಿ ಮುಚ್ಚಿಕೊಂಡಳು.

"ಅಪ್ಪಾ! ಬಂದ್ ಕರೋ ನಾ! ಕಿವಿ ಫಟ್ ಹೋಗ್ತಿದೆ!"

"ಏನನ್ನ ಬಂದ್ ಮಾಡ್ಲಿ? ಅದು ಆಗ್ಲೇ ನಿಂತಿದೆಯಲ್ಲ ಪುಟ್ಟಿ."

"ನಿಂತಿಲ್ಲಾ! ಸೀಟಿ ಹೊಡೀತಿದೆ! ಲಿಫ್ಟ್ ಹತ್ರನೇ ಕೇಳಿಸ್ತಿತ್ತು!"

ಟೀವಿಯ ಪರದೆಯ ಮೇಲೆ ನಲವತ್ತೊಂಬತ್ತು, ಐವತ್ತು, ಐವತ್ತೊಂದು. ಮಗಳ ಮುಖ ನೋವಿನಿಂದ ಕಿವುಚಿಹೋಗಿತ್ತು. ದತ್ತಾತ್ರೇಯರು ಅವಳನ್ನು ನೋಡಿದರು, ಸ್ಪೀಕರನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು. ಅರುವತ್ತಕ್ಕೆ ಅವಳು ಕೈ ತೆಗೆದು, "ಥ್ಯಾಂಕ್ ಗಾಡ್," ಎಂದು ಪುಸ್ತಕ ಎತ್ತಿಕೊಂಡು ಒಳಗೆ ಹೋದಳು.

ಅವರು ಹಾಗೆಯೇ ಕೂತಿದ್ದರು. ಜಲಜಾ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದು ಎಷ್ಟು ಹೊತ್ತಾಗಿತ್ತೋ.

"ನಿನಗೂ ಕೇಳಿಸ್ತಾ?" ಎಂದರು ದತ್ತಾತ್ರೇಯರು.

"ಕೇಳಿಸ್ತು," ಎಂದರು ಜಲಜಾ. ಬಂದು ಪಕ್ಕದಲ್ಲಿ ಕೂತರು. "ಮೈಕ್ರೋವೇವ್ ಪೀಂ ಪೀಂ ಅಂದ್ರೂ ನೀವು ಏಳಲ್ಲ. ನೀರಿನ ಟ್ಯಾಂಕಿನ ಅಲಾರಂ ಹೊಡ್ಕೊಂಡ್ರೂ ಪೇಪರ್ ಓದ್ತಾ ಇರ್ತೀರಿ. ಎರಡು ವರ್ಷ ಆಯ್ತು ರೀ."

"ಎರಡು ವರ್ಷ! ಹೇಳಬಾರ್ದಿತ್ತಾ ಮಹಾರಾಯ್ತಿ?"

"ಹೇಗೆ ಹೇಳ್ಲಿ? ಆ ಕಿವಿಯಿಂದಲೇ ಅಲ್ವಾ ಈ ಮನೆ ನಡೀತಿರೋದು. ನನಗೆ ಹೆದರಿಕೆ ಆಯ್ತು."

ದತ್ತಾತ್ರೇಯರಿಗೆ ಮೊದಲು ಬಂದದ್ದು ನಾಚಿಕೆ. ಆಮೇಲೆ ಇನ್ನೊಂದು ಯೋಚನೆ ಬಂತು. ವಯಸ್ಸಾದಂತೆ ತೆಳ್ಳಗಿನ ಸದ್ದು ಕೇಳಿಸದಾಗುವುದು ಸರಿ, ಆದರೆ ಕಿರಣನಿಗೆ ಇಪ್ಪತ್ತಾರು ವರ್ಷ. ಅವನ ಕಿವಿಗೆ ಏನಾಗಿದೆ?

ಆ ದಿನ ಅವರು ಊಟ ಸರಿಯಾಗಿ ಮಾಡಲಿಲ್ಲ. ಬಾಲ್ಕನಿಯಲ್ಲಿ ಕೂತು ಎದುರಿನ ಸೊಸೈಟಿಯ ನೀರಿನ ಟ್ಯಾಂಕರನ್ನು ನೋಡುತ್ತ, ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತ ಹೋದರು. ಡಿಸ್ಕು ಕೆಟ್ಟಿದೆ ಎಂದಾಗಿದೆಯಲ್ಲ. ಹಾಗೆಯೇ ಇರಲಿ. ಕಿರಣ್ ಊರಿಗೆ ಹೋಗುತ್ತಾನೆ, ಮಗುವಿನ ಮುಖ ನೋಡುತ್ತಾನೆ. ಜೂನ್ ಒಂದಕ್ಕೆ ಇನ್ನೂ ಒಂದು ವಾರವಿದೆ, ತಮ್ಮ ಕಾಗದವೂ ಬರುತ್ತದೆ. ಮುಂದಿನ ಸಲದಿಂದ ಮೀಟರು ನೋಡಿಕೊಂಡೇ ಗುರುತು ಹಾಕಿದರಾಯಿತು. ಯಾರಿಗೂ ನಷ್ಟವಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ. ಸೋಮವಾರ ಬೆಳಿಗ್ಗೆ ಬಸ್ಸು ಹತ್ತುವಾಗ ಈ ಲೆಕ್ಕಾಚಾರ ಅವರಿಗೆ ಸಾಕಷ್ಟು ಗಟ್ಟಿಯಾಗಿಯೇ ಕಂಡಿತು.

ಅವರು ತಲುಪುವಷ್ಟರಲ್ಲಿ ಕಿರಣ್ ಚಂದ್ರಮೋಹನ್ ಎದುರಿಗೆ ನಿಂತಿದ್ದ. ಡಿಸ್ಕಿನ ವಿಷಯ ಹೇಳಿ ಆಗಿತ್ತು. ಚಂದ್ರಮೋಹನ್ ದತ್ತಾತ್ರೇಯರನ್ನು ಕಂಡವರೇ ಕುರ್ಚಿಯಿಂದ ಎದ್ದು ಕೈ ಕುಲುಕಿದರು.

"ವಾಹ್ ದತ್ತಾ ಜೀ! ಜಪಾನಿನವರ ತಪ್ಪನ್ನೂ ಹಿಡಿದಿರಿ! ಈಗಲೇ ಕಾರ್ ಕಂಪನಿಗೆ ಬರೆಯುತ್ತೇನೆ. ಹೊಸ ಡಿಸ್ಕು ಬರೋಕೆ ಹತ್ತು ಹನ್ನೆರಡು ದಿನ ಆಗಬಹುದು. ಬಂದ ಮೇಲೆ ಮತ್ತೆ ಒಂದರಿಂದ ಶುರು ಮಾಡೋಣ." ಕಿರಣನ ಕಡೆ ತಿರುಗಿ, "ಬೇಟಾ, ಅಲ್ಲಿಯವರೆಗೆ ನೀನು ಇಲ್ಲೇ ಇರಬೇಕಾಗುತ್ತೆ. ನಿನ್ನ ಒಂಬತ್ತು ಬದಲಾವಣೆಗಳಲ್ಲಿ ಯಾವುದನ್ನ ಇಟ್ಟುಕೋಬೇಕು, ಯಾವುದನ್ನ ತೆಗೀಬೇಕು ಅಂತ ನಿನಗೆ ಮಾತ್ರ ಗೊತ್ತು," ಎಂದರು.

ಕಿರಣ್ "ಸರಿ ಸರ್" ಎನ್ನುತ್ತಾನೆಂದು ದತ್ತಾತ್ರೇಯರು ಕಾದರು. ಅವನು ಅದನ್ನೂ ಅನ್ನಲಿಲ್ಲ. ಅವನ ಹೆಗಲಿಗೆ ಒಂದು ಬ್ಯಾಗು ಇತ್ತು. ಕಟ್ಟಿಕೊಂಡು ಬಾ ಎಂದದ್ದಕ್ಕೆ ನಿಜವಾಗಿಯೂ ಕಟ್ಟಿಕೊಂಡು ಬಂದಿದ್ದ. ಈಗ ಅದನ್ನು ಹೆಗಲಿನಿಂದ ನಿಧಾನವಾಗಿ ಇಳಿಸಿ ನೆಲದ ಮೇಲಿಟ್ಟ.

ಬ್ಯಾಗು ನೆಲ ಮುಟ್ಟಿದ್ದೇ ದತ್ತಾತ್ರೇಯರ ಲೆಕ್ಕಾಚಾರವೆಲ್ಲ ಕುಸಿದುಬಿತ್ತು.

"ಕಿರಣ್," ಎಂದರು ಕನ್ನಡದಲ್ಲಿ, "ನಿನಗೆ ಅದು ಕೇಳಿಸ್ತಿತ್ತಾ?"

ಅವನು ಬಗ್ಗಿ ಬ್ಯಾಗಿನ ಪಟ್ಟಿ ಸರಿಮಾಡತೊಡಗಿದ.

"ಸುಳ್ಳು ಹೇಳಬೇಡ ಕಣೋ. ಮೂವತ್ತಾರು ಆದ್ಮೇಲೂ ಕೇಳಿಸ್ತಿತ್ತಾ?"

"ಹೌದು ಸರ್."

"ಮೊದಲ ದಿನದಿಂದ?"

"ಮೊದಲ ದಿನದಿಂದ."

"ಮತ್ತೆ ನಿಂತಿತು ಅಂದೆಯಲ್ಲೋ!"

"ನೀವು ನಿಂತಿತಲ್ವಾ ಅಂದ್ರಿ ಸರ್. ನಿಮ್ಮ ಎದುರಿಗೆ ಇಲ್ಲ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ನನಗೇ ಏನೋ ತಪ್ಪು ಕೇಳಿಸ್ತಿರಬಹುದು ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು. ಆಗ ಚಂದ್ರಮೋಹನ್ ಸಾರೂ ಹೌದು ಅಂದುಬಿಟ್ಟಿದ್ರು. ಹೇಳಿದ್ರೆ ನಿಮ್ಮನ್ನ ತೆಗೆದುಹಾಕ್ತಾರೆ. ಇವತ್ತಲ್ಲ ನಾಳೆ ನಿಮಗೇ ಗೊತ್ತಾಗುತ್ತೆ ಅಂತ ಕಾದೆ ಸರ್."

"ಹಾಗಾದ್ರೆ ಒಂಬತ್ತು ಸಲ ನೀನು ಏನನ್ನ ಬದಲಾಯಿಸಿದೆ?"

"ಏನೂ ಇಲ್ಲ ಸರ್. ಒಂಬತ್ತೂ ಒಂದೇ."

ದತ್ತಾತ್ರೇಯರಿಗೆ ಅವನ ಕೆನ್ನೆಗೆ ಎರಡು ಬಾರಿಸಬೇಕು ಎನ್ನುವಷ್ಟು ಸಿಟ್ಟು ಬಂತು. ಅಪ್ಪಿಕೊಂಡು ಅತ್ತುಬಿಡಬೇಕು ಎಂದೂ ಅನ್ನಿಸಿತು. ಹೆಂಡತಿಯ ಹೆರಿಗೆಯ ಹೊತ್ತಿನಲ್ಲಿ ಇಲ್ಲದ ತಪ್ಪನ್ನು ಇಪ್ಪತ್ತೆರಡು ದಿನ ಹುಡುಕುವವನಂತೆ ನಟಿಸುತ್ತ, ಆ ಒಲೆಯಂಥ ಕೋಣೆಯಲ್ಲಿ ಎದುರಿಗೆ ಕೂತು, ಪ್ರತಿಸಲವೂ ಆ ಸಿಳ್ಳೆಯನ್ನು ಕೊನೆಯವರೆಗೆ ಕೇಳಿಸಿಕೊಂಡು "ಸರಿ ಸರ್" ಅಂದಿದ್ದಾನೆ. ಯಾರಿಗೋಸ್ಕರ? ತನಗೋಸ್ಕರ. ಆ ಋಣ ತನಗೆ ಬೇಕಾಗಿರಲಿಲ್ಲ ಎಂದು ಅವರಿಗೆ ಬಲವಾಗಿ ಅನ್ನಿಸಿತು.

ಮಾತು ಅರ್ಥವಾಗದ ಚಂದ್ರಮೋಹನ್ ಇಬ್ಬರ ಮುಖವನ್ನೂ ನೋಡುತ್ತಿದ್ದರು. "ಕ್ಯಾ ಹುವಾ?"

"ಡಿಸ್ಕು ಸರಿಯಿದೆ ಸರ್," ಎಂದರು ದತ್ತಾತ್ರೇಯರು ಹಿಂದಿಯಲ್ಲಿ. "ಪ್ಲೇಯರೂ ಸರಿಯಿದೆ. ನನ್ನ ಕಿವಿ ಹೋಗಿದೆ."

ಚಂದ್ರಮೋಹನ್ ನಕ್ಕರು. ನಗು ಅರ್ಧಕ್ಕೆ ನಿಂತಿತು. "ಏನು ಮಾತಾಡ್ತೀರಿ? ನಾನೂ ಕೇಳಿದ್ದೇನೆ. ನನಗೂ ಬಂದ್ ಆಗಿದ್ದು ಕೇಳಿಸಿತು."

"ಬನ್ನಿ," ಎಂದರು ದತ್ತಾತ್ರೇಯರು.

ಮೂವರೂ ಆ ಕೋಣೆಗೆ ಹೋದರು. ಕಿರಣ್ ಎ.ಸಿ. ಆರಿಸಿದ. ದತ್ತಾತ್ರೇಯರು ಮೂವತ್ತೆಂಟನೆಯ ಫೈಲು ಹಾಕಿ, ಎಲ್ಲರೂ ಕೈಯೆತ್ತಿ ಕೂರಬೇಕು, ಶಬ್ದ ನಿಂತಾಗ ಅವರವರು ಕೈ ಇಳಿಸಬೇಕು ಎಂದರು. ಶಾಲೆಯ ಮಕ್ಕಳ ಹಾಗೆ ಮೂವರೂ ಕೈಯೆತ್ತಿದರು. ಶಬ್ದ ಏರತೊಡಗಿತು. ಮೂವತ್ತಾರಕ್ಕೆ ದತ್ತಾತ್ರೇಯರ ಕೈ ಇಳಿಯಿತು. ಮೂವತ್ತೆಂಟಕ್ಕೆ ಚಂದ್ರಮೋಹನ್ ಕೈ ಇಳಿಸಿ, ನೋಡಿದಿರಾ ಎಂಬಂತೆ ಹುಬ್ಬು ಹಾರಿಸಿದರು. ಆಮೇಲೆ ಕಿರಣನ ಕಡೆ ನೋಡಿದರು. ಅವನ ಕೈ ಮೇಲೆಯೇ ಇತ್ತು. ನಲವತ್ತೈದಾಯಿತು, ಐವತ್ತಾಯಿತು. ಆ ನಿಶ್ಶಬ್ದದಲ್ಲಿ ಇಬ್ಬರು ಮುದುಕರು ಒಬ್ಬ ಹುಡುಗನ ಕೈಯನ್ನು ನೋಡುತ್ತ ಕೂತಿದ್ದರು. ಐವತ್ತೇಳಕ್ಕೆ ಅವನು ಕೈ ಇಳಿಸಿದ.

ಚಂದ್ರಮೋಹನ್ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. "ಅಂದರೆ ನಾನೂ..." ಎಂದು ಶುರು ಮಾಡಿ, ವಾಕ್ಯ ಮುಗಿಸದೆ ಎದ್ದರು. ಬಾಗಿಲಲ್ಲಿ ನಿಂತು, "ದತ್ತಾ ಜೀ, ರಿಪೋರ್ಟಿನಲ್ಲಿ ಇದನ್ನೆಲ್ಲ ಬರೆಯೋದು ಬೇಡ. ಸಾಫ್ಟ್‌ವೇರಿನ ತಪ್ಪು ಸರಿಹೋಯಿತು ಅಂತ ಬರೆದುಬಿಡಿ," ಎಂದರು.

"ಅದರಲ್ಲಿ ತಪ್ಪೇ ಇರಲಿಲ್ಲವಲ್ಲ ಸರ್. ಈ ಹುಡುಗನ ಹೆಸರಿನಲ್ಲಿ ತಪ್ಪು ಬರೆಯೋದಿಲ್ಲ."

"ಜೂನ್ ಒಂದಕ್ಕೆ ನಿಮ್ಮ ಕಾಗದ ಮೇಲಿನವರ ಹತ್ತಿರ ಹೋಗುತ್ತೆ. ಇದನ್ನು ಓದಿದರೆ ಅವರು..."

"ಗೊತ್ತು ಸರ್."

ಚಂದ್ರಮೋಹನ್ ಅವರನ್ನೊಮ್ಮೆ ನೋಡಿ, "ದೇಖ್ತೇ ಹೈಂ," ಎಂದರು. ನೋಡೋಣ ಎಂದರೆ ಆ ಊರಿನಲ್ಲಿ ಏನರ್ಥ ಎಂಬುದು ದತ್ತಾತ್ರೇಯರಿಗೆ ಇಪ್ಪತ್ತೇಳು ವರ್ಷದಿಂದ ಗೊತ್ತಿತ್ತು. ಕಿರಣನ ರಜೆಯ ಅರ್ಜಿಗೆ ಮಾತ್ರ ಚಂದ್ರಮೋಹನ್ ನಿಂತಲ್ಲೇ ಸಹಿ ಹಾಕಿ ಕೊಟ್ಟರು.

ಅವರು ಹೋದ ಮೇಲೆ ಕಿರಣ್ ಬಗ್ಗಿ ದತ್ತಾತ್ರೇಯರ ಕಾಲು ಮುಟ್ಟಲು ಬಂದ. ಅವರು ತಟ್ಟನೆ ಹಿಂದೆ ಸರಿದರು. "ಇದೇ ಬೇಡ ಅಂದಿದ್ದು. ಈ ನಿನ್ನ ಮರ್ಯಾದೆಯಿಂದಲೇ ಇಷ್ಟೆಲ್ಲ ಆಗಿದ್ದು, ಗೊತ್ತಾಯ್ತಾ? ಚಲೋ, ಹೊರಡು. ರಾತ್ರಿಯ ರೈಲಿಗೆ ಜನರಲ್ ಡಬ್ಬಿಯಲ್ಲಾದ್ರೂ ಹತ್ತು. ಧಾರಿಣಿಗೆ ನಾವು ಕೇಳಿದ್ವಿ ಅಂತ ಹೇಳು."

"ಸರ್, ಉಳಿದ ಫೈಲುಗಳು..."

"ಅದು ನಿನಗೆ ಬೇಡ. ಹೋಗು ಮಾರಾಯ."

ಅವನು ಬ್ಯಾಗು ಹೆಗಲಿಗೇರಿಸಿಕೊಂಡು ಹೋದ. ಓಡುತ್ತಲೇ ಹೋದ ಎಂದರೂ ಸರಿ.

ದತ್ತಾತ್ರೇಯರು ಎ.ಸಿ. ಹಾಕಲು ಮರೆತು ಹಾಗೆಯೇ ಕುರ್ಚಿಯಲ್ಲಿ ಕೂತರು. ಮೈಯೆಲ್ಲ ಸೋತಿತ್ತು, ಆದರೆ ನಿದ್ದೆ ಬರುವಂಥ ಸೋಲಲ್ಲ. ರಿಪೋರ್ಟಿನಲ್ಲಿ ಮೂವತ್ತೆಂಟನೆಯ ಸಾಲಿಗೆ ಬಂದು, 'ಪ್ಲೇಯರಿನಲ್ಲಿ ದೋಷವಿಲ್ಲ, ಪರೀಕ್ಷಕನಿಗೆ ಮೇಲಿನ ಸ್ವರಗಳು ಕೇಳಿಸುವುದಿಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡು ಪೆನ್ನಿನ ಕ್ಯಾಪು ಹಾಕುವಾಗ ಅವರ ಕಣ್ಣು ಅದರ ಮೇಲಿನ ಸಾಲುಗಳ ಮೇಲೆ ಬಿತ್ತು. ಒಂದರಿಂದ ಮೂವತ್ತೇಳರವರೆಗೆ ನಾಲ್ಕನೆಯ ಅಂಕಣದಲ್ಲಿ ಅವರದೇ ಗುರುತುಗಳು. ಶುದ್ಧ, ಶುದ್ಧ, ಶುದ್ಧ. ಇವುಗಳಲ್ಲಿ ಕೇಳಿ ಹಾಕಿದ್ದೆಷ್ಟು, ಕೇಳಿಸದ್ದರಿಂದ ಹಾಕಿದ್ದೆಷ್ಟು? ಈ ಎರಡು ವರ್ಷದಲ್ಲಿ ತಾನು ಶುದ್ಧವೆಂದು ಕಳಿಸಿದ ಪ್ಲೇಯರುಗಳು ಯಾವ ಯಾವ ಕಾರಿನಲ್ಲಿ, ಯಾರ ಮಕ್ಕಳ ಕಿವಿಗೆ ಏನು ಮಾಡುತ್ತಿವೆಯೋ ಯಾರಿಗೆ ಗೊತ್ತು?

ಅವರು ಪೆನ್ನಿನ ಕ್ಯಾಪು ಮತ್ತೆ ತೆಗೆದರು. ಒಂದನೆಯ ಸಾಲಿಗೆ ಹೋಗಿ, ಅಲ್ಲಿದ್ದ ಗುರುತನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಣ್ಣ ಸಹಿ ಮಾಡಿದರು. ಎರಡನೆಯದು. ಮೂರನೆಯದು. ಹದಿನಾಲ್ಕಕ್ಕೆ ಬರುವಷ್ಟರಲ್ಲಿ ಕಣ್ಣು ಮಂಜಾಗಿ ಸಾಲು ಕಾಣದಾಯಿತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡು, ಹದಿನೈದನೆಯದನ್ನೂ ಹೊಡೆದುಹಾಕಿದರು.